ಫ್ಯಾಂಕೋನಿ ಪಾಂಡುರೋಗ ಮತ್ತು ಅಸ್ಥಿಮಜ್ಜೆಯ ಕಸಿ: ಒಂದು ಚಿಕಿತ್ಸೆಯ ಇತಿಹಾಸ

೧

ಚಿಕಿತ್ಸೆಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದನ್ನು ಬಲವೃದ್ಧಿಯ ಇತಿಹಾಸವಾಗಿಯೇ ಬರೆಯುತ್ತಾರೆ. ಹೆಚ್ಚು ತೀಕ್ಷ್ಣವಾದ ಔಷಧ, ಹೆಚ್ಚು ಸೂಕ್ಷ್ಮವಾದ ಯಂತ್ರ, ಹೆಚ್ಚು ಸಾಹಸದ ಶಸ್ತ್ರಕ್ರಿಯೆ ಒಂದರ ಹಿಂದೆ ಒಂದು ಬಂದು ರೋಗವನ್ನು ಹಿಮ್ಮೆಟ್ಟಿಸಿದುವೆಂಬುದು ಆ ಬರವಣಿಗೆಯ ರೂಢಿಯ ಧಾಟಿ. ನಾವು ಇಲ್ಲಿ ವಿವೇಚಿಸಲಿರುವ ಪ್ರಕರಣ ಈ ಧಾಟಿಗೆ ಒಗ್ಗುವುದಿಲ್ಲ. ಅಸ್ಥಿಮಜ್ಜೆ ಸೊರಗಿಹೋಗುವ ದೋಷವನ್ನು ಹುಟ್ಟಿನಿಂದಲೇ ಹೊತ್ತುಬಂದ ಮಕ್ಕಳಿಗೆ ಬೇರೊಬ್ಬರ ಮಜ್ಜೆಯನ್ನು ಕಸಿಮಾಡುವ ಚಿಕಿತ್ಸೆ ಫಲಿಸತೊಡಗಿದುದು, ವೈದ್ಯರು ಔಷಧದ ಪ್ರಮಾಣವನ್ನು ಹತ್ತನೆಯ ಒಂದು ಪಾಲಿಗೆ ಇಳಿಸಿದ ಮೇಲೆ. ಈ ಇಳಿಕೆಗೆ ಆಧಾರವಾದ ತಿಳಿವಳಿಕೆ ಎಲ್ಲಿ ಹುಟ್ಟಿತು, ಅಲ್ಲಿಂದ ರೋಗಿಯ ಹಾಸಿಗೆಯ ಬಳಿಗೆ ಬರಲು ಅದಕ್ಕೆ ಏಕೆ ಕಾಲ ಹಿಡಿಯಿತು, ಬಂದಮೇಲೆ ಅದು ಏನನ್ನು ಸಾಧಿಸಿತು, ಏನನ್ನು ಸಾಧಿಸಲಾರದೆ ಹೋಯಿತು ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಕೆಲವು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಎಲುಬುಗಳ ಒಳಗಿನ ಮಜ್ಜೆಯಲ್ಲಿ ರಕ್ತದ ಎಲ್ಲ ಬಗೆಯ ಕಣಗಳೂ ಹುಟ್ಟುತ್ತವೆ: ಉಸಿರಿನ ಆಮ್ಲಜನಕವನ್ನು ಹೊರುವ ಕೆಂಪು ಕಣಗಳು, ಸೋಂಕಿನೊಡನೆ ಹೋರಾಡುವ ಬಿಳಿಯ ಕಣಗಳು, ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳು. ಇವೆಲ್ಲಕ್ಕೂ ಮೂಲವಾದ, ತಾವೂ ವೃದ್ಧಿಯಾಗುತ್ತ ಉಳಿದುವನ್ನೂ ಹುಟ್ಟಿಸುತ್ತ ಇರುವ ಕೆಲವೇ ಕೋಶಗಳುಂಟು. ಆಸ್ಪತ್ರೆಗಳಲ್ಲಿ ಸ್ಟೆಮ್ ಸೆಲ್ ಎಂದು ಕರೆಯುವ ಇವನ್ನು ನಾವು ಆಕರಕೋಶಗಳೆನ್ನುತ್ತೇವೆ. ವಂಶಪಾರಂಪರ್ಯವಾಗಿ ಬಂದ ದೋಷದಿಂದ ಇವು ಕ್ಷೀಣಿಸುವ ರೋಗಗಳು ಒಂದು ಗುಂಪಾಗಿವೆ. ಡಯಮಂಡ್-ಬ್ಲ್ಯಾಕ್‌ಫ್ಯಾನ್ ಪಾಂಡುರೋಗ, ಡಿಸ್ಕೆರಟೋಸಿಸ್ ಕಂಜೆನಿಟ, ಶ್ವಾಕ್‌ಮನ್-ಡಯಮಂಡ್ ರೋಗ ಇವೆಲ್ಲ ಆ ಗುಂಪಿಗೆ ಸೇರಿದುವು. ಇವುಗಳ ಪೈಕಿ ಫ್ಯಾಂಕೋನಿ ಪಾಂಡುರೋಗವನ್ನೇ ನಾವು ಆರಿಸಿಕೊಂಡುದಕ್ಕೆ ಕಾರಣ, ಕಸಿಯ ಇತಿಹಾಸಕ್ಕೂ ಈ ರೋಗದ ಇತಿಹಾಸಕ್ಕೂ ಇರುವ ಸಂಬಂಧ ಬೇರೆಲ್ಲಕ್ಕಿಂತ ನಿಕಟವಾದುದು ಎಂಬುದು.

೨

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ಮಕ್ಕಳ ವೈದ್ಯರಾಗಿದ್ದ ಗೀಡೋ ಫ್ಯಾಂಕೋನಿಯವರು ೧೯೨೭ರಲ್ಲಿ ಒಂದೇ ಮನೆಯ ಮೂವರು ಗಂಡುಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಆ ಮೂವರಲ್ಲಿಯೂ ರಕ್ತ ಬತ್ತಿಹೋಗುತ್ತಿದ್ದುದಲ್ಲದೆ ದೇಹರಚನೆಯ ಕೆಲವು ವೈಕಲ್ಯಗಳೂ ಕಂಡಿದ್ದುವು. ಕುಳ್ಳು ಮೈಕಟ್ಟು, ಚರ್ಮದ ಮೇಲೆ ಕಂದುಬಣ್ಣದ ಮಚ್ಚೆಗಳು, ಹೆಬ್ಬೆರಳಿನ ಅಥವಾ ಮುಂಗೈಯೆಲುಬಿನ ಕೊರತೆ, ಮೂತ್ರಪಿಂಡದ ವಿಕಾರ ಇವು ಈ ರೋಗದಲ್ಲಿ ಅನೇಕವೇಳೆ ಕಾಣಬರುವ ಲಕ್ಷಣಗಳೆಂಬುದು ಮುಂದೆ ತಿಳಿದುಬಂತು. ೧೯೩೧ರಲ್ಲಿ ನೇಗೆಲಿಯವರು ಇದಕ್ಕೆ ಫ್ಯಾಂಕೋನಿಯವರ ಹೆಸರನ್ನೇ ಇಡಬೇಕೆಂದು ಸೂಚಿಸಿದರು.

ಹೆಸರು ಬಂದರೂ ಮದ್ದು ಬರಲಿಲ್ಲ. ಮಗು ಹುಟ್ಟಿದಾಗ ರಕ್ತ ಸಾಮಾನ್ಯವಾಗಿಯೇ ಇರುವುದು. ಐದು, ಆರು, ಎಂಟನೆಯ ವರ್ಷದ ಹೊತ್ತಿಗೆ ಮೈ ಬಿಳಿಚಿಕೊಳ್ಳುವುದು, ಸಣ್ಣ ಪೆಟ್ಟಿಗೂ ಮೈಮೇಲೆ ನೀಲಿಗಟ್ಟುವುದು, ಜ್ವರಗಳು ಮರುಕಳಿಸುವುದು. ಪರರ ರಕ್ತವನ್ನು ಕೊಟ್ಟು ಕೆಲವು ಕಾಲ ಜೀವವನ್ನು ಹಿಡಿದಿಡಬಹುದಾಗಿತ್ತು, ಅಷ್ಟೆ. ಶಾಹಿದಿ ಮತ್ತು ಡಯಮಂಡ್ ಎಂಬ ವೈದ್ಯರು ೧೯೬೧ರಲ್ಲಿ ಟೆಸ್ಟಾಸ್ಟಿರೋನ್ ಎಂಬ ಪುರುಷಗ್ರಂಥಿರಸವನ್ನು ಕೊಟ್ಟು, ಹುಟ್ಟಿನಿಂದ ಬಂದ ಮಜ್ಜಾಕ್ಷಯದಲ್ಲಿಯೂ ರಕ್ತ ಚೇತರಿಸಿಕೊಳ್ಳಬಹುದೆಂದು ತೋರಿಸಿದರು. ಇದೇ ಮೊಟ್ಟಮೊದಲ ನಿಜವಾದ ಆಸರೆ. ಆದರೆ ಈ ಚೇತರಿಕೆ ಬಹುಮಟ್ಟಿಗೆ ತಾತ್ಕಾಲಿಕ. ಬತ್ತಿದ ಕೆರೆಗೆ ಕೊಡದಿಂದ ನೀರು ಹೊಯ್ಯುವುದಕ್ಕೂ ಊಟೆಯನ್ನೇ ತೆರೆಯುವುದಕ್ಕೂ ಇರುವ ಅಂತರ ಇಲ್ಲಿಯೂ ಉಂಟು. ಊಟೆಯನ್ನು ತೆರೆಯುವ ಉಪಾಯ ಬೇರೊಂದು ದಿಕ್ಕಿನಿಂದ ಬರಬೇಕಾಗಿತ್ತು.

೩

ಆ ದಿಕ್ಕು ಅಣುವಿಜ್ಞಾನದ್ದು. ೧೯೪೫ರಲ್ಲಿ ಹಿರೋಶಿಮ ಮತ್ತು ನಾಗಸಾಕಿಗಳ ಮೇಲೆ ಬಿದ್ದ ಬಾಂಬುಗಳು ವಿಕಿರಣವು ಮಜ್ಜೆಯನ್ನು ಹೇಗೆ ಸುಡುತ್ತದೆಂಬುದನ್ನು ಜಗತ್ತಿಗೆ ತೋರಿಸಿದುವು. ಸುಟ್ಟ ಮಜ್ಜೆಯನ್ನು ಮತ್ತೆ ಚಿಗುರಿಸುವುದು ಹೇಗೆಂಬ ಪ್ರಶ್ನೆಗೆ ಪ್ರಯೋಗಶಾಲೆಗಳು ಉತ್ತರ ಹುಡುಕತೊಡಗಿದುವು. ೧೯೪೯ರಲ್ಲಿ ಜೇಕಬ್‌ಸನ್‌ರವರು ಇಲಿಯ ಗುಲ್ಮವನ್ನು ಸೀಸದಿಂದ ಮರೆಮಾಡಿದರೆ ಮಾರಕ ವಿಕಿರಣದಿಂದಲೂ ಅದು ಬದುಕಿಕೊಳ್ಳುವುದನ್ನು ಕಂಡರು. ೧೯೫೧ರಲ್ಲಿ ಲೊರೆಂಟ್ಸ್‌ರವರ ತಂಡ ಮಜ್ಜೆಯನ್ನು ಸೂಜಿಯ ಮೂಲಕ ಒಳಸೇರಿಸಿಯೂ ಅದೇ ರಕ್ಷಣೆಯನ್ನು ಪಡೆಯಿತು. ಹೀಗೆ ರಕ್ಷಿಸಿದುದು ಮಜ್ಜೆಯ ಯಾವುದೋ ರಸವೇ ಅಥವಾ ಜೀವಂತ ಕೋಶಗಳೇ ಎಂಬ ವಿವಾದ ಕೆಲವು ವರ್ಷ ನಡೆಯಿತು. ೧೯೫೬ರಲ್ಲಿ ಬ್ರಿಟನ್ನಿನ ಫೋರ್ಡ್, ಬಾರ್ನ್ಸ್, ಲೌಟಿಟ್ ಮೊದಲಾದವರು ಗುರುತಿಸಬಹುದಾದ ವರ್ಣತಂತುವುಳ್ಳ ಕೋಶಗಳನ್ನು ಬಳಸಿ, ಬದುಕಿದ ಇಲಿಯ ಮಜ್ಜೆಯಲ್ಲಿ ದಾನಿಯ ಕೋಶಗಳೇ ಬೆಳೆಯುತ್ತಿರುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಿ ವಿವಾದವನ್ನು ಮುಗಿಸಿದರು. ವರ್ಣತಂತುವೇ ಇಲ್ಲಿ ಸಾಕ್ಷಿಯಾಯಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇನ್ನೊಂದು ಬಗೆಯಲ್ಲಿ ಅದೇ ಸಾಕ್ಷಿ ಮತ್ತೆ ಬರುತ್ತದೆ.

ಇಲಿಯಿಂದ ಮನುಷ್ಯನಿಗೆ ಬಂದಾಗ ಹಾದಿ ಕಠಿನವಾಯಿತು. ೧೯೫೭ರಲ್ಲಿ ಅಮೆರಿಕದ ಡಾನಲ್ ಥಾಮಸ್‌ರವರು ಮಜ್ಜೆಯನ್ನು ಕೊಟ್ಟ ಆರು ಮಂದಿ ರೋಗಿಗಳ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ಯಾರೂ ಬಹುಕಾಲ ಉಳಿಯಲಿಲ್ಲ. ೧೯೫೮ರಲ್ಲಿ ಯುಗೋಸ್ಲಾವಿಯದ ವಿಂಚಾ ಎಂಬಲ್ಲಿ ಅಣುಸ್ಥಾವರದ ಅಪಘಾತಕ್ಕೆ ಸಿಕ್ಕಿದ ಆರು ಮಂದಿಯನ್ನು ಪ್ಯಾರಿಸ್ಸಿಗೆ ಕರೆತಂದಾಗ, ಜಾರ್ಜ್ ಮಾತೇಯವರು ಅವರಲ್ಲಿ ಐವರಿಗೆ ಮಜ್ಜೆಯನ್ನು ಕೊಟ್ಟರು. ಐವರಲ್ಲಿ ನಾಲ್ವರು ಬದುಕಿದರು. ಆದರೂ ಮುಂದಿನ ಹತ್ತು ವರ್ಷಗಳ ಅನುಭವ ನಿರಾಶಾದಾಯಕವಾಗಿತ್ತು. ೧೯೭೦ರಲ್ಲಿ ಬಾರ್ಟಿನ್‌ರವರು ಅದುವರೆಗಿನ ಸುಮಾರು ೨೦೦ ಕಸಿಗಳ ವಿವರಗಳನ್ನು ಕಲೆಹಾಕಿದಾಗ, ಬಹುಪಾಲು ರೋಗಿಗಳು ತೀರಿಕೊಂಡಿದ್ದರು.

ಸೋಲಿಗೆ ಕಾರಣ ಎರಡು ಕಡೆಯ ಹಗೆತನ. ರೋಗಿಯ ದೇಹ ಪರಕೀಯ ಮಜ್ಜೆಯನ್ನು ತಳ್ಳಿಹಾಕುತ್ತದೆ. ನೆಲೆಯೂರಿದ ಮಜ್ಜೆಯ ಬಿಳಿಯ ಕಣಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆ ಎರಗುತ್ತವೆ. ಈ ಎರಡನೆಯ ವ್ಯಾಧಿಯನ್ನು ನಾವು ಕಸಿವೈರವೆಂದು ಕರೆಯೋಣ. ಪ್ಯಾರಿಸ್ಸಿನ ಜಾನ್ ದೋಸೆಯವರು ೧೯೫೮ರಲ್ಲಿ ಬಿಳಿಯ ಕಣಗಳ ಮೇಲಿನ ಗುರುತುಗಳಲ್ಲಿ ಮೊದಲನೆಯದನ್ನು ಕಂಡುಹಿಡಿದಿದ್ದರು. ಎಚ್.ಎಲ್.ಎ. ಎಂದು ಹೆಸರಾದ ಈ ಗುರುತುಗಳು ದಾನಿ ಮತ್ತು ರೋಗಿಗಳಲ್ಲಿ ಒಂದೇ ಆಗಿದ್ದರೆ ಹಗೆತನ ತಗ್ಗುತ್ತದೆಂಬುದು ಕ್ರಮೇಣ ಖಚಿತವಾಯಿತು. ೧೯೬೮ರಲ್ಲಿ ಮಿನೆಸೋಟದ ರಾಬರ್ಟ್ ಗುಡ್‌ರವರು ರೋಗನಿರೋಧಶಕ್ತಿಯಿಲ್ಲದೆ ಹುಟ್ಟಿದ ಶಿಶುವೊಂದಕ್ಕೆ ಅಕ್ಕನ ಮಜ್ಜೆಯನ್ನು ಕೊಟ್ಟು ಯಶಸ್ವಿಯಾದರು. ೧೯೭೦ರ ದಶಕದಲ್ಲಿ ಥಾಮಸ್‌ರವರು ಸಿಯಾಟಲ್ ನಗರದಲ್ಲಿ ಕಸಿಯನ್ನು ಒಂದು ಕ್ರಮಬದ್ಧ ಚಿಕಿತ್ಸೆಯಾಗಿ ರೂಪಿಸಿದರು. ೧೯೯೦ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಮಜ್ಜಾಕ್ಷಯದ ರೋಗಿಗಳಿಗೆ ಕಸಿಗೆ ಮುನ್ನ ಸೈಕ್ಲೋಫಾಸ್ಫಮೈಡ್ ಎಂಬ ಔಷಧವನ್ನು ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೫೦ ಮಿಲಿಗ್ರಾಮಿನಂತೆ ನಾಲ್ಕು ದಿನ, ಒಟ್ಟು ೨೦೦ ಮಿಲಿಗ್ರಾಮ್ ಕೊಟ್ಟು, ತಳ್ಳಿಹಾಕುವ ಶಕ್ತಿಯನ್ನು ಅಡಗಿಸುವುದು ರೂಢಿಯಾಯಿತು.

೪

ಫ್ಯಾಂಕೋನಿ ರೋಗದ ಮಗುವೂ ಮಜ್ಜಾಕ್ಷಯದ ರೋಗಿಯೇ. ಸೂಕ್ಷ್ಮದರ್ಶಕದ ಕೆಳಗೆ ಅದರ ಮಜ್ಜೆಯೂ ಇತರ ಮಜ್ಜಾಕ್ಷಯದ ಮಜ್ಜೆಯಂತೆಯೇ ಬರಿದಾಗಿ ಕಾಣುತ್ತದೆ. ಆದುದರಿಂದ ೧೯೭೦ರ ದಶಕದಲ್ಲಿ ಈ ಮಕ್ಕಳಿಗೂ ಅದೇ ಪ್ರಮಾಣದ ಔಷಧವನ್ನು ಕೊಡಲಾಯಿತು. ಫಲ ಭಯಂಕರವಾಗಿತ್ತು. ಬಾಯಿ ಮತ್ತು ಕರುಳುಗಳ ಒಳಪೊರೆ ಕಿತ್ತುಬಂತು, ಮೂತ್ರಕೋಶದಿಂದ ರಕ್ತ ಸುರಿಯಿತು, ಹೃದಯ ಸೋತಿತು, ಕಸಿವೈರ ಅತ್ಯುಗ್ರವಾಗಿ ಹಬ್ಬಿತು. ಇತರ ರೋಗಿಗಳು ತಾಳಿಕೊಂಡ ಔಷಧವೇ ಈ ಮಕ್ಕಳಿಗೆ ವಿಷವಾಯಿತು.

ಈ ಅನರ್ಥದ ಕಾರಣವನ್ನು ತಿಳಿಸಬಲ್ಲ ಸಂಗತಿಗಳು ಅಷ್ಟುಹೊತ್ತಿಗಾಗಲೇ ಅಚ್ಚಿನಲ್ಲಿದ್ದುವೆಂಬುದು ಇತಿಹಾಸಾಭ್ಯಾಸಿಗಳು ಗಮನಿಸತಕ್ಕ ವಿಷಯ. ೧೯೬೪ರಲ್ಲಿ ಜರ್ಮನಿಯ ಟ್ರೌಟೆ ಶ್ರೋಡರ್ ಮತ್ತು ಸಂಗಡಿಗರು, ಫ್ಯಾಂಕೋನಿ ರೋಗಿಗಳ ಕೋಶಗಳಲ್ಲಿ ವರ್ಣತಂತುಗಳು ತಾವಾಗಿಯೇ ಮುರಿದುಕೊಳ್ಳುವುದನ್ನು ವರದಿಮಾಡಿದ್ದರು. ೧೯೭೩ರಲ್ಲಿ ಜಪಾನಿನ ಸಸಾಕಿ ಮತ್ತು ತೊನೊಮುರ ಎಂಬ ವಿಜ್ಞಾನಿಗಳು, ಡಿ.ಎನ್.ಎ. ಎಂಬ ವಂಶದ್ರವ್ಯದ ಎರಡು ಎಳೆಗಳನ್ನು ಅಡ್ಡಹೊಲಿಗೆ ಹಾಕಿದಂತೆ ಬಂಧಿಸುವ ರಾಸಾಯನಿಕಗಳು ಈ ಕೋಶಗಳನ್ನು ವಿಶೇಷವಾಗಿ ಛಿದ್ರಗೊಳಿಸುತ್ತವೆಂದು ತೋರಿಸಿದ್ದರು. ಆರೋಗ್ಯವಂತರ ಕೋಶ ಇಂಥ ಹೊಲಿಗೆಯನ್ನು ಬಿಚ್ಚಿ ಸರಿಪಡಿಸಿಕೊಳ್ಳಬಲ್ಲದು. ಫ್ಯಾಂಕೋನಿ ರೋಗಿಯ ಕೋಶಕ್ಕೆ ಆ ದುರಸ್ತಿಯ ಸಾಮರ್ಥ್ಯವಿಲ್ಲ. ಸೈಕ್ಲೋಫಾಸ್ಫಮೈಡ್ ದೇಹದೊಳಗೆ ಹೋಗಿ ಮಾಡುವುದೂ ಇಂಥ ಅಡ್ಡಹೊಲಿಗೆಯ ಕೆಲಸವನ್ನೇ. ಎಂದಮೇಲೆ ಮಜ್ಜೆಯನ್ನು ಒಣಗಿಸಿದ ದೋಷವೇ ಮಗುವನ್ನು ಚಿಕಿತ್ಸೆಯ ಎದುರಿನಲ್ಲಿಯೂ ನಿರಾಯುಧವಾಗಿ ನಿಲ್ಲಿಸಿತ್ತು.

ಈ ಎರಡು ತಿಳಿವಳಿಕೆಗಳನ್ನು ಒಂದೆಡೆ ತಂದವರು ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಎಲಿಯಾನ್ ಗ್ಲುಕ್‌ಮಾನ್‌ರವರು. ೧೯೮೦ರಲ್ಲಿ ಅವರು ಫ್ಯಾಂಕೋನಿ ರೋಗಿಗಳಲ್ಲಿ ನಡೆಸಿದ ಕಸಿಗಳ ಕಹಿಯಾದ ಅನುಭವವನ್ನು ಮರೆಮಾಚದೆ ಪ್ರಕಟಿಸಿದರು. ಅದೇ ವರ್ಷ, ವರ್ಣತಂತುಗಳ ತಜ್ಞರಾದ ಬೆರ್ಜೇಯವರೂ ಅವರೂ ಕೂಡಿ, ಸೈಕ್ಲೋಫಾಸ್ಫಮೈಡಿನಿಂದ ಹುಟ್ಟುವ ಪದಾರ್ಥಗಳು ಈ ರೋಗಿಗಳ ವರ್ಣತಂತುಗಳನ್ನು ಹೇಗೆ ಮುರಿಯುತ್ತವೆಂಬ ಪ್ರಯೋಗದ ವಿವರವನ್ನೂ ಬೆಳಕಿಗೆ ತಂದರು. ಬಳಿಕ ವಿಕಿರಣದ ಪರೀಕ್ಷೆ ನಡೆಯಿತು: ಚರ್ಮದ ಸಣ್ಣ ಭಾಗಕ್ಕೆ ಮಿತವಾದ ಕಿರಣಗಳನ್ನು ಹಾಯಿಸಿ ನೋಡಿದಾಗ, ಈ ರೋಗಿಗಳ ಚರ್ಮ ಇತರರದಕ್ಕಿಂತ ಹೆಚ್ಚಾಗಿ ಕೆರಳುವುದು ಕಂಡಿತು. ೧೯೮೩ರಲ್ಲಿ ಪ್ರಕಟವಾದ ಹೊಸ ವಿಧಾನದಲ್ಲಿ ಸೈಕ್ಲೋಫಾಸ್ಫಮೈಡ್ ಒಟ್ಟು ೨೦ ಮಿಲಿಗ್ರಾಮಿಗೆ, ಅಂದರೆ ಹಿಂದಿನದರ ಹತ್ತನೆಯ ಒಂದು ಪಾಲಿಗೆ ಇಳಿದಿತ್ತು. ಅದರೊಡನೆ ಎದೆ ಮತ್ತು ಹೊಟ್ಟೆಗಳಿಗೆ ೫ ಗ್ರೇ ಪ್ರಮಾಣದ ವಿಕಿರಣ. ಮಕ್ಕಳು ಬದುಕತೊಡಗಿದರು.

೧೯೬೪ರ ವರದಿಗೂ ೧೯೮೦ರ ವರದಿಗೂ ನಡುವೆ ಹದಿನಾರು ವರ್ಷಗಳುಂಟು. ಸಸಾಕಿಯವರ ಪ್ರಯೋಗದಿಂದ ಎಣಿಸಿದರೂ ಏಳು ವರ್ಷ. ಈ ಅಂತರಕ್ಕೆ ಯಾರ ಉದಾಸೀನವನ್ನೂ ಕಾರಣವಾಗಿ ಹೇಳುವುದು ನ್ಯಾಯವಲ್ಲ. ನಮ್ಮ ಅಭಿಪ್ರಾಯದಲ್ಲಿ ತೊಡಕು ಇದ್ದುದು ವರ್ಗೀಕರಣದಲ್ಲಿ. ರೋಗಿಯ ಮಜ್ಜೆ ಬರಿದಾಗಿದೆಯೆಂಬ ಹೊರಲಕ್ಷಣದಿಂದ ರೋಗಕ್ಕೆ ಒಂದು ವರ್ಗವನ್ನು ಗೊತ್ತುಮಾಡಿ, ವರ್ಗದಿಂದ ಔಷಧದ ಪ್ರಮಾಣವನ್ನು ಗೊತ್ತುಮಾಡಲಾಯಿತು. ಮಜ್ಜೆ ಏಕೆ ಬರಿದಾಯಿತೆಂಬ ಪ್ರಶ್ನೆ ವರ್ಣತಂತುಗಳನ್ನು ಎಣಿಸುವವರ ಕೋಣೆಯಲ್ಲಿ ಉಳಿಯಿತು. ಬರಿದಾದ ಮಜ್ಜೆಯನ್ನು ತುಂಬುವುದು ಹೇಗೆಂಬ ಪ್ರಶ್ನೆ ರೋಗಿಗಳ ವಾರ್ಡಿನಲ್ಲಿ ಉಳಿಯಿತು. ಎರಡು ಕೋಣೆಗಳ ನಡುವಣ ಬಾಗಿಲು ತೆರೆಯುವವರೆಗೆ ಸತ್ತ ಮಕ್ಕಳು ಆ ವರ್ಗೀಕರಣದ ಬೆಲೆಯನ್ನು ತೆತ್ತರು.

ಇಳಿಕೆಯ ಹಾದಿ ಪ್ಯಾರಿಸ್ಸಿನಲ್ಲಿಯೇ ನಿಲ್ಲಲಿಲ್ಲ. ಬ್ರೆಜಿಲ್ ದೇಶದ ಕುರಿಟೀಬ ನಗರದ ವೈದ್ಯರು ವಿಕಿರಣವನ್ನೇ ಕೈಬಿಟ್ಟು, ಸೈಕ್ಲೋಫಾಸ್ಫಮೈಡ್ ಒಂದನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಬಂದು, ೨೦೦೫ರ ವರದಿಯಲ್ಲಿ ೬೦ ಮಿಲಿಗ್ರಾಮಿನಿಂದಲೇ ಸೋದರ ಮಜ್ಜೆ ನೆಲೆಗೊಳ್ಳುವುದೆಂದು ತೋರಿಸಿದರು. ವಿಕಿರಣ ಮುಂದೆ ಕ್ಯಾನ್ಸರನ್ನು ತರಬಹುದಾದುದರಿಂದ ಈ ಕ್ರಮಕ್ಕೆ ವಿಶೇಷ ಬೆಲೆಯುಂಟು. ಡಿಸ್ಕೆರಟೋಸಿಸ್ ಕಂಜೆನಿಟದಲ್ಲಿಯೂ ಇಂಥದೇ ಪಾಠ ದೊರೆಯಿತು. ಆ ರೋಗಿಗಳ ಶ್ವಾಸಕೋಶ ಮತ್ತು ಯಕೃತ್ತುಗಳು ರೂಢಿಯ ಪ್ರಮಾಣವನ್ನು ತಾಳಲಾರವಾದ್ದರಿಂದ ಅಲ್ಲಿಯೂ ಸೌಮ್ಯವಾದ ಸಿದ್ಧತೆಯನ್ನೇ ಅನುಸರಿಸಬೇಕಾಯಿತು.

೫

ಪ್ರಮಾಣದ ಪ್ರಶ್ನೆ ಬಗೆಹರಿದರೂ ದಾನಿಯ ಪ್ರಶ್ನೆ ಉಳಿಯಿತು. ಇದರ ಲೆಕ್ಕವನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಒಂದೇ ತಂದೆತಾಯಿಗಳ ಇನ್ನೊಂದು ಮಗು ಎಚ್.ಎಲ್.ಎ. ಗುರುತುಗಳಲ್ಲಿ ರೋಗಿಗೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಫ್ಯಾಂಕೋನಿ ರೋಗ ಬಹುಪಾಲು ಅವ್ಯಕ್ತ ಗುಣವಾಗಿ ಇಳಿದುಬರುತ್ತದೆ. ತಂದೆತಾಯಿಗಳಿಬ್ಬರೂ ದೋಷದ ಒಂದೊಂದು ಪ್ರತಿಯನ್ನು ಹೊತ್ತಿದ್ದು ತಾವು ಆರೋಗ್ಯವಾಗಿರುತ್ತಾರೆ. ಆದ್ದರಿಂದ ಆ ಇನ್ನೊಂದು ಮಗು ರೋಗವಿಲ್ಲದೆ ಹುಟ್ಟುವ ಸಂಭವ ನಾಲ್ಕರಲ್ಲಿ ಮೂರು. ಎರಡೂ ಕೂಡಿಬರುವ ಸಂಭವ ಸಾಮಾನ್ಯವಾಗಿ ಹದಿನಾರರಲ್ಲಿ ಮೂರು, ಎಂದರೆ ಐದರಲ್ಲಿ ಒಂದಕ್ಕಿಂತಲೂ ಕಡಮೆ. ಹೊರನೋಟಕ್ಕೆ ಆರೋಗ್ಯವಾಗಿ ಕಾಣುವ ತಮ್ಮ ತಂಗಿಯರಲ್ಲಿಯೂ ರೋಗ ಅಡಗಿರಬಹುದಾದುದರಿಂದ, ದಾನಿಯ ವರ್ಣತಂತುಗಳನ್ನು ಪರೀಕ್ಷಿಸದೆ ಮಜ್ಜೆಯನ್ನು ತೆಗೆಯುವಂತಿಲ್ಲ. ನ್ಯೂಯಾರ್ಕಿನ ಆರ್ಲೀನ್ ಔವರ್‌ಬಾಕ್‌ರವರು ೧೯೮೧ರಲ್ಲಿ ಪ್ರಕಟಿಸಿದ ಡಿ.ಇ.ಬಿ. ಪರೀಕ್ಷೆ ಇದಕ್ಕೆ ನಿಶ್ಚಿತ ಸಾಧನವಾಯಿತು. ಮಗು ಗರ್ಭದಲ್ಲಿರುವಾಗಲೇ ರೋಗವನ್ನು ಗುರುತಿಸುವುದೂ ಇದರಿಂದ ಸಾಧ್ಯವಾಯಿತು.

ಈ ಪರೀಕ್ಷೆಯಿಂದಲೇ ೧೯೮೮ರ ಘಟನೆಗೆ ಹಾದಿ ತೆರೆಯಿತು. ಅಮೆರಿಕದ ಐದು ವರ್ಷದ ಬಾಲಕನೊಬ್ಬನಿಗೆ ಈ ರೋಗವಿತ್ತು. ಅವನ ತಾಯಿ ಗರ್ಭಿಣಿಯಾಗಿದ್ದಾಗ ಹುಟ್ಟಲಿರುವ ಶಿಶು ರೋಗರಹಿತವೆಂದೂ ಎಚ್.ಎಲ್.ಎ. ಗುರುತುಗಳಲ್ಲಿ ಅಣ್ಣನಿಗೆ ಹೊಂದುವುದೆಂದೂ ತಿಳಿದುಬಂತು. ಮಾಸಿನೊಡನೆ ಎಸೆದುಬಿಡುವ ಹೊಕ್ಕುಳಬಳ್ಳಿಯ ರಕ್ತದಲ್ಲಿ ಆಕರಕೋಶಗಳು ಸಾಕಷ್ಟು ಇರುತ್ತವೆಂದು ಇಂಡಿಯಾನದ ಹಾಲ್ ಬ್ರಾಕ್ಸ್‌ಮೈಯರ್‌ರವರು ಪ್ರಯೋಗಗಳಿಂದ ಸಾಧಿಸಿದ್ದರು. ತಂಗಿ ಹುಟ್ಟಿದಾಗ ಆ ರಕ್ತವನ್ನು ಸಂಗ್ರಹಿಸಿ ಹಿಮಗಟ್ಟಿಸಿ ಇಡಲಾಯಿತು. ಅನಂತರ ಸಾಗರವನ್ನು ದಾಟಿಸಿ ಪ್ಯಾರಿಸ್ಸಿಗೆ ತರಲಾಯಿತು. ಈ ಮಕ್ಕಳನ್ನು ಸೌಮ್ಯ ಪ್ರಮಾಣದಿಂದ ಸಿದ್ಧಗೊಳಿಸುವ ಅನುಭವ ಅಲ್ಲಿತ್ತು. ೧೯೮೮ರ ಅಕ್ಟೋಬರ್ ೬ರಂದು ಗ್ಲುಕ್‌ಮಾನ್‌ರವರ ತಂಡ ಅದನ್ನು ಬಾಲಕನಿಗೆ ಕೊಟ್ಟಿತು. ಕಸಿ ನಿಂತಿತು, ಬಾಲಕ ಬೆಳೆದು ದೊಡ್ಡವನಾದ. ಜಗತ್ತಿನಲ್ಲಿ ಹೊಕ್ಕುಳಬಳ್ಳಿಯ ರಕ್ತದಿಂದ ನಡೆದ ಮೊದಲ ಕಸಿ ಇದು. ೧೯೯೦ರ ದಶಕದಲ್ಲಿ ನ್ಯೂಯಾರ್ಕ್ ಮೊದಲಾದ ಕಡೆ ಈ ರಕ್ತದ ಸಾರ್ವಜನಿಕ ಭಂಡಾರಗಳು ಏರ್ಪಟ್ಟುವು. ಲ್ಯುಕೀಮಿಯ ಮೊದಲಾದ ಬೇರೆ ರೋಗಗಳವರಿಗೂ ಅವು ಆಸರೆಯಾದುವು. ಅತಿ ವಿರಳವಾದ ರೋಗವೊಂದರ ಚಿಕಿತ್ಸೆಯಿಂದ ಸಾಮಾನ್ಯ ರೋಗಿಗಳಿಗೂ ಉಪಕಾರವಾದುದಕ್ಕೆ ಇದು ಉತ್ತಮ ನಿದರ್ಶನ.

ಇದೇ ಹಾದಿಯಲ್ಲಿ ಒಂದು ಹೆಜ್ಜೆ ಮುಂದೆ ಹೋದಾಗ ಧರ್ಮಸೂಕ್ಷ್ಮದ ಪ್ರಶ್ನೆಯೂ ಎದುರಾಯಿತು. ೨೦೦೦ದಲ್ಲಿ ಅಮೆರಿಕದಲ್ಲಿ, ಗರ್ಭಾಶಯದ ಹೊರಗೆ ಫಲಿತವಾದ ಭ್ರೂಣಗಳಲ್ಲಿ ರೋಗರಹಿತವೂ ರೋಗಿಗೆ ಹೊಂದುವಂಥದೂ ಆದ ಒಂದನ್ನು ಆರಿಸಿ, ಅದರಿಂದ ಹುಟ್ಟಿದ ತಮ್ಮನ ಹೊಕ್ಕುಳಬಳ್ಳಿಯ ರಕ್ತವನ್ನು ಅಕ್ಕನಿಗೆ ಕೊಡಲಾಯಿತು. ಒಂದು ಮಗುವನ್ನು ಇನ್ನೊಂದರ ಔಷಧಕ್ಕಾಗಿ ಹುಟ್ಟಿಸುವುದು ಸರಿಯೇ ಎಂದು ಅನೇಕರು ಕೇಳಿದರು. ಆ ಮಗುವನ್ನು ಪ್ರೀತಿಯಿಂದಲೇ ಬಯಸಿದ ತಂದೆತಾಯಿಗಳು ಒಂದರ ಜೊತೆಗೆ ಇನ್ನೊಂದನ್ನೂ ಉಳಿಸಿಕೊಂಡರೆ ತಪ್ಪೇನೆಂದು ಮತ್ತೆ ಕೆಲವರು ಕೇಳಿದರು. ಈ ಎರಡು ಮಾತುಗಳಲ್ಲಿಯೂ ಹುರುಳುಂಟು. ಕೊಡುವ ಮಗುವಿನ ಒಪ್ಪಿಗೆಯನ್ನು ಕೇಳಲಾಗದ ಕಡೆ ಅದರ ಹಿತವನ್ನು ಕಾಯುವ ಹೊಣೆ ಇನ್ನಷ್ಟು ಹೆಚ್ಚುತ್ತದೆಂಬುದನ್ನು ಮಾತ್ರ ಇಬ್ಬರೂ ಒಪ್ಪಬೇಕಾಗುತ್ತದೆ.

೬

ಸಾಧನೆಯ ಅಳತೆ ಎಷ್ಟು? ೧೯೭೮ರಿಂದ ೧೯೯೪ರವರೆಗಿನ ಕಸಿಗಳನ್ನು ಒಟ್ಟುಗೂಡಿಸಿ ೧೯೯೫ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವರದಿಯಂತೆ, ಹೊಂದುವ ಸೋದರ ದಾನಿಯಿಂದ ಮಜ್ಜೆ ಪಡೆದ ೧೫೧ ರೋಗಿಗಳಲ್ಲಿ ಎರಡು ವರ್ಷ ಬದುಕುವ ಸಂಭವ ನೂರಕ್ಕೆ ೬೬. ಇತರ ದಾನಿಗಳಿಂದ ಪಡೆದ ೪೮ ಮಂದಿಯಲ್ಲಿ ನೂರಕ್ಕೆ ೨೯ ಮಾತ್ರ. ಫ್ಲುಡರಬಿನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಈ ಎರಡನೆಯ ಗುಂಪಿನ ಸ್ಥಿತಿ ಸುಧಾರಿಸಿತು. ಅದು ಡಿ.ಎನ್.ಎ.ಗೆ ಅಡ್ಡಹೊಲಿಗೆ ಹಾಕದೆಯೇ ತಳ್ಳಿಹಾಕುವ ಶಕ್ತಿಯನ್ನು ಅಡಗಿಸುತ್ತದೆ. ಬಂಧುಗಳಲ್ಲದ ದಾನಿಗಳಿಂದ ಮಜ್ಜೆ ಪಡೆದವರನ್ನು ಕುರಿತ ೨೦೦೭ರ ವರದಿಯಲ್ಲಿ, ಮೂರು ವರ್ಷ ಬದುಕುವ ಸಂಭವ ಆ ಔಷಧವಿಲ್ಲದವರಲ್ಲಿ ನೂರಕ್ಕೆ ೧೩ ಇದ್ದರೆ ಅದನ್ನು ಪಡೆದವರಲ್ಲಿ ೫೨ ಆಗಿತ್ತು. ಮುಂದೆ ಕುರಿಟೀಬದ ವೈದ್ಯರು ಅರೆಪಾಲು ಮಾತ್ರ ಹೊಂದುವ ತಂದೆ ಅಥವಾ ತಾಯಿಯ ಮಜ್ಜೆಯನ್ನೂ ಬಳಸುವ ಕ್ರಮವನ್ನು ಬೆಳೆಸಿದರು. ಅದರಲ್ಲಿ ಕಸಿಯಾದ ಬಳಿಕ ಕಸಿವೈರವನ್ನು ತಡೆಯಲು ಕೊಡುವ ಔಷಧ, ತಗ್ಗಿಸಿದ ಪ್ರಮಾಣದ ಅದೇ ಸೈಕ್ಲೋಫಾಸ್ಫಮೈಡ್. ಒಂದು ಕಾಲಕ್ಕೆ ಮಕ್ಕಳನ್ನು ಕೊಂದ ಪದಾರ್ಥ, ಅಳತೆಯರಿತು ಬಳಸಿದಾಗ ದಾನಿಯಿಲ್ಲದ ಮಕ್ಕಳಿಗೆ ಆಧಾರವಾಯಿತು.

ಆದರೆ ಕಸಿಯು ಮಜ್ಜೆಯನ್ನು ಬದಲಿಸುತ್ತದೆ, ದೇಹದ ಉಳಿದ ಕೋಶಗಳನ್ನು ಬದಲಿಸುವುದಿಲ್ಲ. ೧೯೯೨ರಲ್ಲಿ ಈ ರೋಗದ ಮೊದಲ ವಂಶವಾಹಿ ಪತ್ತೆಯಾದಂದಿನಿಂದ ಇಪ್ಪತ್ತಕ್ಕೂ ಹೆಚ್ಚು ವಂಶವಾಹಿಗಳು ಗೊತ್ತಾಗಿವೆ. ಅವುಗಳಲ್ಲಿ ಒಂದು, ಸ್ತನದ ಕ್ಯಾನ್ಸರಿಗೆ ಸಂಬಂಧಪಟ್ಟ ಬಿ.ಆರ್.ಸಿ.ಎ. ೨ ಎಂಬುದೇ ಎಂದು ೨೦೦೨ರಲ್ಲಿ ತಿಳಿದುಬಂತು. ಕೇಂಬ್ರಿಜ್ಜಿನ ಕೇತನ್ ಪಟೇಲ್‌ರವರ ತಂಡ ೨೦೧೧ರಲ್ಲಿ ಇಲಿಗಳಲ್ಲಿ ನಡೆಸಿದ ಪ್ರಯೋಗಗಳು, ದೇಹದೊಳಗೆ ತಾನಾಗಿಯೇ ಹುಟ್ಟುವ ಆಲ್ಡಿಹೈಡುಗಳು ಡಿ.ಎನ್.ಎ.ಗೆ ಮಾಡುವ ಗಾಯವನ್ನು ಮಾಯಿಸುವುದೇ ಈ ವಂಶವಾಹಿಗಳ ಒಂದು ಮುಖ್ಯ ಕಾರ್ಯವೆಂದು ಸೂಚಿಸಿದುವು. ಬಾಯಿ, ಗಂಟಲು ಮೊದಲಾದ ಕಡೆಯ ಕೋಶಗಳಲ್ಲಿ ದೋಷ ಕಸಿಯ ಅನಂತರವೂ ಇದ್ದೇ ಇರುತ್ತದೆ. ಆದುದರಿಂದ ಕಸಿಯಿಂದ ಬದುಕಿದ ಮಗು ಯೌವನದಲ್ಲಿ ಕ್ಯಾನ್ಸರಿನ ಭಯವನ್ನು ಎದುರಿಸಬೇಕಾಗುತ್ತದೆ. ಕಸಿವೈರ ತೀವ್ರವಾಗಿದ್ದವರಲ್ಲಿ ಈ ಭಯ ಇನ್ನೂ ಹೆಚ್ಚು. ರೋಗಿಯ ಕೋಶಗಳನ್ನೇ ತೆಗೆದು ವಂಶವಾಹಿಯನ್ನು ತಿದ್ದಿ ಹಿಂದಿರುಗಿಸುವ ಪ್ರಯತ್ನದ ಮೊದಲ ಫಲಗಳನ್ನು ಸ್ಪೇನಿನ ವಿಜ್ಞಾನಿಗಳು ೨೦೧೯ರಲ್ಲಿ ಪ್ರಕಟಿಸಿದರು. ಅದರಲ್ಲಿ ಮುಂಗಡ ಔಷಧದ ಪ್ರಮಾಣ ಸೊನ್ನೆಗೆ ಇಳಿದಿತ್ತು. ಆದರೆ ಅದೂ ಮಜ್ಜೆಗೆ ಮಾತ್ರ ಸೀಮಿತವಾದ ಚಿಕಿತ್ಸೆ.

೭

ಈ ಇತಿಹಾಸ ನಮ್ಮ ನಾಡಿಗೆ ದೂರದ್ದಲ್ಲ. ಭಾರತದಲ್ಲಿ ಅಸ್ಥಿಮಜ್ಜೆಯ ಕಸಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ೧೯೮೩ರಲ್ಲಿಯೂ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ೧೯೮೬ರಲ್ಲಿಯೂ ಮೊದಲಾಯಿತು. ಅವ್ಯಕ್ತ ಗುಣದ ರೋಗಗಳು ರಕ್ತಸಂಬಂಧದ ಮದುವೆಗಳಿಂದ ಹುಟ್ಟಿದ ಮಕ್ಕಳಲ್ಲಿ ಹೆಚ್ಚಾಗಿ ವ್ಯಕ್ತವಾಗುವುದು ಸಹಜ. ಎನ್. ಅಪ್ಪಾಜಿರಾವ್, ರಾಧಾ ರಮಾ ದೇವಿ, ಅಲನ್ ಬಿಟಲ್ಸ್ ಇವರು ಕರ್ನಾಟಕದ ಶಿಶುಗಳನ್ನು ಕುರಿತು ೧೯೮೦ರ ದಶಕದಲ್ಲಿ ನಡೆಸಿದ ಅಧ್ಯಯನಗಳಲ್ಲಿ, ಸುಮಾರು ಮೂರನೆಯ ಒಂದು ಭಾಗದ ಮದುವೆಗಳು ಒಳಸಂಬಂಧದವಾಗಿದ್ದುವು. ಅಕ್ಕನ ಮಗಳನ್ನು ತಂದುಕೊಳ್ಳುವ ಪದ್ಧತಿ ಅವುಗಳಲ್ಲಿ ಪ್ರಮುಖವಾಗಿತ್ತು. ಸೋದರಮಾವನಿಗೂ ಅಕ್ಕನ ಮಗಳಿಗೂ ಹುಟ್ಟಿದ ಮಗುವಿನಲ್ಲಿ ಯಾವುದೇ ವಂಶವಾಹಿಯ ಎರಡು ಪ್ರತಿಗಳೂ ಒಂದೇ ಮೂಲದಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು. ಅತ್ತೆಮಾವಂದಿರ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ಈ ನಂಟಿನ ಜಾಲಕ್ಕೆ ಇನ್ನೊಂದು ಮುಖವೂ ಉಂಟು: ಇಂಥ ಕುಟುಂಬಗಳಲ್ಲಿ ಒಡಹುಟ್ಟಿದವರಲ್ಲದ ಬಂಧುಗಳಲ್ಲಿಯೂ ಹೊಂದುವ ದಾನಿ ಸಿಗುವ ಸಾಧ್ಯತೆ ಹೆಚ್ಚು. ಆದ್ದರಿಂದ ರಕ್ತ ಬತ್ತಿದ ಮಗುವೊಂದು ನಮ್ಮ ಆಸ್ಪತ್ರೆಗೆ ಬಂದಾಗ, ಅದರ ಹೆಬ್ಬೆರಳನ್ನೂ ಮೈಬಣ್ಣವನ್ನೂ ನೋಡುವುದು, ಮನೆತನದ ನಂಟನ್ನು ಕೇಳುವುದು, ವರ್ಣತಂತುಗಳ ಪರೀಕ್ಷೆ ಮಾಡಿಸುವುದು ಔಪಚಾರಿಕ ಕ್ರಮಗಳಲ್ಲ. ಔಷಧ ಮಗುವನ್ನು ಉಳಿಸುತ್ತದೆಯೇ ಕೊಲ್ಲುತ್ತದೆಯೇ ಎಂಬುದನ್ನು ನಿರ್ಣಯಿಸುವುದು ಈ ಮೂರು ಕೆಲಸಗಳೇ.

ಫ್ಯಾಂಕೋನಿಯವರು ಮೂವರು ಸೋದರರನ್ನು ಕಂಡ ಮೇಲೆ, ಈ ಮಕ್ಕಳಿಗೆ ತಾಳಬಲ್ಲ ಕಸಿಯ ಕ್ರಮವೊಂದು ದೊರೆಯಲು ಐವತ್ತಾರು ವರ್ಷ ಹಿಡಿಯಿತು. ಆ ಅವಧಿಯ ಕೊನೆಯ ಪಾಲಿನಲ್ಲಿ ಕೊರತೆಯಾಗಿದ್ದುದು ಹೊಸ ಔಷಧವೂ ಅಲ್ಲ, ಹೊಸ ಯಂತ್ರವೂ ಅಲ್ಲ. ಆಗಲೇ ತಿಳಿದಿದ್ದ ಎರಡು ಸಂಗತಿಗಳ ಕೂಟ. ವಿದ್ಯಾಲಯಗಳಲ್ಲಿ ಶಾಸ್ತ್ರಗಳನ್ನು ವಿಭಾಗಗಳಾಗಿ ಒಡೆದು ಕಲಿಸುವ ನಾವು ಈ ಪ್ರಕರಣವನ್ನು ವಿದ್ಯಾರ್ಥಿಗಳ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.